ಕೆಲಸ ಹೋದವ್ರಿಗೆ ಮೊದ್ಲು ಏನು ಕಲಿಸೋದು? ಅಂಕೋಲೆ ಕಡೆಯ ಅಕ್ಕೋರ ಪತ್ರಕ್ಕೆ ಸಂಪಾದಕರ ಉತ್ತರ

ಅಕ್ಕೋರೇ, ನಮಸ್ಕಾರ.

ನಿಮ್ಮ ಪತ್ರ ಪೂರ್ತಿ ಹಾಕೋಕೆ ಜಾಗ ಸಾಲ್ಲಿಲ್ಲ, ಹಾಗಾಗಿ ಬೇರೆ ಓದುಗರಿಗೆ ವಿಷಯ ಗೊತ್ತಾಗ್ಲಿ ಅಂತ ಸ್ವಲ್ಪದ್ರಲ್ಲಿ ಹೇಳಿ ಮುಂದೆ ಹೋಗ್ತೀನಿ. ಅಂಕೋಲಾ ತಾಲೂಕಿನ ಹಳ್ಳಿ ಶಾಲೇಲಿ ಪಾಠ ಮಾಡಿ ರಿಟೈರ್ ಆದವ್ರು ನೀವು. ನಿಮ್ಮ ಹತ್ರಾನೇ ಅಕ್ಷರ ಕಲಿತ ಹತ್ತು ಹನ್ನೆರಡು ಜನ, ಈಗ ಎಲ್ಲಾ ನಲವತ್ತು ದಾಟಿದವ್ರು, ಕಾರವಾರದ ಕಡೆ ಒಂದು ಕಾರ್ಖಾನೇಲಿ ಫಿಟ್ಟರು, ಪ್ಲಾಂಟ್ ಆಪರೇಟರು, ಸ್ಟೋರ್ ಕೀಪರು ಅಂತ ಇದ್ದವ್ರನ್ನ ಒಂದೇ ಸಲಕ್ಕೆ ತೆಗೆದು ಹಾಕಿದಾರೆ. ಬೆಳಗ್ಗೆ ಬಸ್ ಸ್ಟ್ಯಾಂಡ್ ಅಂಗಡಿ ಕಟ್ಟೆ ಮೇಲೆ ಕೂತ್ರೆ ಊಟಕ್ಕೇ ಏಳೋದು, ಊಟ ಆದ್ಮೇಲೆ ಮತ್ತೆ ಅಲ್ಲೇ. ಭಾನುವಾರ ಶಾಲೆ ಹಾಲಲ್ಲಿ ಅವ್ರಿಗೊಂದು ಕ್ಲಾಸ್ ಮಾಡೋಣ ಅಂತ ನಿಮ್ಗೆ ಮನಸ್ಸು, ಎರಡು ದಿನದ ಪಾಸಿಟಿವ್ ಥಿಂಕಿಂಗ್ ಶಿಬಿರ ಮಾಡಿಸ್ತೀನಿ ಅಂತ ಒಬ್ಬ ಟ್ರೇನರ್ ದುಡ್ಡು ಕೇಳಿದಾರೆ. ಮೊದ್ಲು ಮನಸ್ಸು ಸರಿ ಮಾಡೋದಾ, ಮೊದ್ಲು ಕೈಗೆ ಕೆಲಸ ಕಲಿಸೋದಾ ಅಂತ ಕೇಳಿದೀರಿ.

ನಾನು ಕೇಳಿದ್ರೆ ಆ ಶಿಬಿರದ ದುಡ್ಡು ಉಳಿಸ್ಕೊಳ್ಳಿ ಅಂತೀನಿ. ಮೊದ್ಲ ಭಾನುವಾರ ಮನಸ್ಸೂ ಬೇಡ, ಕೆಲಸಾನೂ ಬೇಡ, ಬರಬೇಕಾದ ದುಡ್ಡಿನ ಲೆಕ್ಕ ಮಾಡಿ. ಸೊಸೈಟಿ ಸಾಲದ ಕಂತು ತಲೇಲಿ ಕೂತಿರೋ ಮನುಷ್ಯನಿಗೆ ಒಳ್ಳೇದನ್ನೇ ಯೋಚ್ನೆ ಮಾಡಪ್ಪ ಅಂದ್ರೆ ಅದು ಅವನಿಗೆ ಅವಮಾನ ಆದ ಹಾಗೇ ಕೇಳ್ಸತ್ತೆ. ಪೇ ಸ್ಲಿಪ್ಪು, ನೇಮಕದ ಪತ್ರ, ಪಿಎಫ್‌ನ ಯುಎಎನ್ ನಂಬರು, ಇಎಸ್‌ಐ ಕಾರ್ಡು ಎಲ್ಲಾ ತರೋಕೆ ಹೇಳಿ. ಸರ್ವೀಸಿನ ಒಂದೊಂದು ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಪರಿಹಾರ ಬರಬೇಕು, ಐದು ವರ್ಷ ಸರ್ವೀಸ್ ಆಗಿದ್ರೆ ಗ್ರಾಚುಯಿಟಿ ಬೇರೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಲಿ ಇನ್ನೊಂದು ವಿಷಯ ಇದೆ, ಇದು ತುಂಬಾ ಜನಕ್ಕೆ ಗೊತ್ತೇ ಇಲ್ಲ: ಹೀಗೆ ತೆಗೆದ ಪ್ರತಿ ಕಾರ್ಮಿಕನ ಹೆಸರಲ್ಲಿ ಮಾಲೀಕರು 15 ದಿನದ ಸಂಬಳದಷ್ಟು ದುಡ್ಡನ್ನ ಮರುಕೌಶಲ್ಯ ನಿಧಿಗೆ ಕಟ್ಬೇಕು, ಅದು 45 ದಿನದೊಳಗೆ ಆ ಕಾರ್ಮಿಕನ ಖಾತೆಗೇ ಬರಬೇಕು. ಹೊಸ ಕೆಲಸ ಕಲಿಯೋಕೆ ಅಂತಾನೇ ಇಟ್ಟ ದುಡ್ಡು ಅದು. ಇಎಸ್‌ಐ ಇದ್ದವ್ರಿಗೆ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆ ಅಂತ ಇದೆ, ಸರಾಸರಿ ದಿನಗೂಲಿಯ ಅರ್ಧದ ಹಾಗೆ ಹೆಚ್ಚಂದ್ರೆ 90 ದಿನದ ತನಕ ಕೊಡ್ತಾರೆ, ಜೀವನದಲ್ಲಿ ಒಂದೇ ಸಲ. ಗುತ್ತಿಗೆ ಮೇಲೆ ಇದ್ದವ್ರಿಗೆ ಎಲ್ಲಾ ಕಡೆ ತಲೆನೋವೇ, ಅವ್ರ ಕಾಗದ ಪತ್ರ ಬೇರೆ ಇಟ್ಕೊಂಡು ಕಾರ್ಮಿಕ ಇಲಾಖೆ ಆಫೀಸಿಗೆ ಒಟ್ಟಿಗೇ ಹೋಗಿ. ಅರ್ಜಿ ಬರೆಯೋದ್ರಲ್ಲಿ ನಿಮ್ಮನ್ನ ಮೀರಿಸೋರು ಆ ಊರಲ್ಲಿ ಯಾರಿದಾರೆ ಅಕ್ಕೋರೇ? ಅವ್ರ ಹೆಂಡತಿಯರನ್ನೂ ಕರೀರಿ, ಮನೆ ಲೆಕ್ಕ ಗೊತ್ತಿರೋದು ಅವ್ರಿಗೇ.

ಇನ್ನು ಮನಸ್ಸಿನ ಮಾತು. ಇದನ್ನ ನಾನು ಹಗುರ ಮಾಡ್ತಿಲ್ಲ. ಆಸ್ಟ್ರಿಯಾ ದೇಶದಲ್ಲಿ ಮರೀನ್‌ಟಾಲ್ ಅಂತ ಒಂದು ಊರು, ಊರಿಗೆ ಊರೇ ಒಂದು ಬಟ್ಟೆ ಗಿರಣಿ ಮೇಲೆ ನಿಂತಿತ್ತು. 1930ರ ಹೊತ್ತಿಗೆ ಗಿರಣಿ ಮುಚ್ಚಿತು. ಮೇರಿ ಯಹೋಡಾ ಅನ್ನೋ ಮನಶ್ಶಾಸ್ತ್ರಜ್ಞೆ ಮತ್ತೆ ಅವ್ರ ಜೊತೆಯವ್ರು ಅಲ್ಲಿಗೆ ಹೋಗಿ ಜನ ಹೇಗಿದಾರೆ ಅಂತ ನೋಡಿ 1933ರಲ್ಲಿ ಬರೆದು ಪ್ರಕಟಿಸಿದ್ರು. ದಿನಾ ಪೂರ್ತಿ ಪುರುಸೊತ್ತು ಇದ್ರೂ ಲೈಬ್ರರಿಯಿಂದ ಜನ ತಗೊಂಡು ಹೋಗೋ ಪುಸ್ತಕಗಳು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿದ್ವು, ಗಂಡಸ್ರು ರಸ್ತೇಲಿ ನಡೆಯೋದೇ ನಿಧಾನ ಆಗಿತ್ತು, ಬೆಳಗ್ಗೆಯಿಂದ ಏನ್ ಮಾಡಿದ್ರಿ ಅಂತ ಕೇಳಿದ್ರೆ ಸರಿಯಾಗಿ ಹೇಳೋಕೇ ಆಗ್ತಿರ್ಲಿಲ್ಲ. ನಿಮ್ಮ ಅಂಗಡಿ ಕಟ್ಟೆ ವಿಷಯ ಓದಿದ ಕೂಡ್ಲೇ ನಂಗೆ ನೆನಪಾಗಿದ್ದು ಇದೇ. ಅವ್ರನ್ನ ಸೋಮಾರಿಗಳು ಅಂತ ಊರಲ್ಲಿ ಯಾರಾದ್ರೂ ಅಂದ್ರೆ ದಯವಿಟ್ಟು ಅಲ್ಲೇ ತಡೀರಿ, ಸೈರನ್ ಹೊಡೆದ ಹೊತ್ತಿಗೆ ಏಳೋದು, ಶಿಫ್ಟ್ ಮುಗಿದ್ಮೇಲೆ ಮನೆಗೆ ಬರೋದು ಅಂತ ಇಪ್ಪತ್ತು ವರ್ಷ ನಡೆದ ದಿನಾನೇ ಕೈತಪ್ಪಿ ಹೋದ್ರೆ ಯಾರಿಗಾದ್ರೂ ಹಾಗೇ ಆಗತ್ತೆ.

ಹಾಗಂತ "ನಾನು ಗೆದ್ದೇ ಗೆಲ್ತೀನಿ" ಅಂತ ಚಪ್ಪಾಳೆ ಹೊಡೆಸಿ ಕೂಗಿಸೋದ್ರಿಂದ ಏನೂ ಆಗಲ್ಲ, ಕೆಲವು ಸಲ ಕೆಟ್ಟದ್ದೇ ಆಗತ್ತೆ. ಜರ್ಮನಿಯ ಗೇಬ್ರಿಯೆಲೆ ಓಟಿಂಗನ್ ಅನ್ನೋ ಮನಶ್ಶಾಸ್ತ್ರಜ್ಞೆ ಡಿಗ್ರಿ ಮುಗಿಸೋ ಹುಡುಗ ಹುಡುಗೀರನ್ನ ಎರಡು ವರ್ಷ ಆದ್ಮೇಲೆ ಮತ್ತೆ ವಿಚಾರಿಸಿದ್ರು. ಒಳ್ಳೇ ಕೆಲಸ ಸಿಕ್ಕ ಹಾಗೇ ಕನಸು ಕಾಣ್ತಾ ಇದ್ದವ್ರು ಕಮ್ಮಿ ಅರ್ಜಿ ಹಾಕಿದ್ರು, ಅವ್ರಿಗೆ ಸಂಬಳಾನೂ ಕಮ್ಮಿ ಸಿಕ್ಕಿತ್ತು. ಕನಸಲ್ಲೇ ಹೊಟ್ಟೆ ತುಂಬಿದ್ರೆ ಕಾಲು ಎತ್ತಿ ಇಡೋಕೆ ಮನಸ್ಸು ಬರಲ್ಲ.

ಕೆಲಸಕ್ಕೆ ಬರೋ ಎರಡು ವಿಷಯ ಹೇಳ್ತೀನಿ, ಎರಡೂ ನೀವು ಒಬ್ರೇ ಮಾಡಿಸ್ಬಹುದು. ಒಂದು, ಬರೆಸೋದು. ಅಮೆರಿಕಾದಲ್ಲಿ ಕಂಪ್ಯೂಟರ್ ಕಂಪನಿಯಿಂದ ತೆಗೆದ, ವಯಸ್ಸಾದ ಇಂಜಿನಿಯರ್‌ಗಳಿಗೆ ಜೇಮ್ಸ್ ಪೆನ್ನೆಬೇಕರ್ ಅನ್ನೋ ಮನಶ್ಶಾಸ್ತ್ರಜ್ಞರ ತಂಡ ಐದು ದಿನ, ದಿನಕ್ಕೆ 20 ನಿಮಿಷ, ಕೆಲಸ ಹೋದದ್ರ ಬಗ್ಗೆ ಮನಸಲ್ಲಿರೋ ಸಿಟ್ಟು ದುಃಖ ಎಲ್ಲಾ ಬರೀರಿ ಅಂದ್ರು. ಮುಂದಿನ ತಿಂಗಳುಗಳಲ್ಲಿ ಬರೆದವ್ರಿಗೇ ಹೆಚ್ಚು ಕೆಲಸ ಸಿಕ್ತು. ನೀವು ನೋಟ್‌ಬುಕ್ ಕೊಡಿ, ಆದ್ರೆ ತಪ್ಪು ತಿದ್ದೋಕೆ ಹೋಗ್ಬೇಡಿ, ಓದೋಕೂ ಕೇಳ್ಬೇಡಿ. ಇನ್ನೊಂದು, ಬೇಡ ಅನ್ನಿಸ್ಕೊಳ್ಳೋ ರಿಹರ್ಸಲ್. ಮಿಷಿಗನ್ ವಿಶ್ವವಿದ್ಯಾಲಯದವ್ರು 1980ರ ದಶಕದಲ್ಲಿ ಕೆಲಸ ಹೋದವ್ರಿಗೆ ಅಂತ ತಯಾರು ಮಾಡಿದ ತರಬೇತಿಲಿ ಇದೇ ಮುಖ್ಯ. ಅಲ್ಲಿ ಭಾಷಣ ಕಮ್ಮಿ, ಎಲ್ಲಿ ಎಲ್ಲಿ ಬೇಡ ಅಂತಾರೆ ಅನ್ನೋದನ್ನ ಗುಂಪಲ್ಲಿ ಕೂತು ಮೊದ್ಲೇ ಯೋಚ್ನೆ ಮಾಡಿ, ಆಗ ಏನ್ ಮಾಡೋದು ಅಂತ ಆಡಿ ನೋಡ್ತಾರೆ. ಅದ್ರಿಂದ ಬೇಗ ಕೆಲಸ ಸಿಕ್ಕಿದ್ದೂ, ಮಂಕು ಕಮ್ಮಿ ಆಗಿದ್ದೂ ಕಂಡಿದೆ, ಆಮೇಲೆ ಫಿನ್ಲೆಂಡಲ್ಲೂ ಅದನ್ನ ನಡೆಸಿದ್ರು. ನಿಮ್ಮ ಹಾಲಲ್ಲಿ ಒಬ್ಬ ಗೋಕರ್ಣದ ರೆಸಾರ್ಟ್ ಮ್ಯಾನೇಜರ್ ಆಗ್ಲಿ, ಇನ್ನೊಬ್ಬ ಮೇಂಟೆನೆನ್ಸ್ ಕೆಲಸ ಕೇಳ್ಲಿ, "ನಿಂಗೆ ವಯಸ್ಸಾಯ್ತಲ್ಲ ಮಾರಾಯಾ" ಅಂದ್ರೆ ಅವನು ಏನ್ ಹೇಳ್ತಾನೆ ನೋಡೋಣ. ನಗು ಬರತ್ತೆ, ಬರ್ಲಿ.

ಕೈ ಕೆಲಸ ಕಲಿಸೋವಾಗ ನನ್ನದೊಂದೇ ಹಠ, ಅವ್ರಿಗೆ ಏನೂ ಗೊತ್ತಿಲ್ಲ ಅನ್ನೋ ಹಾಗೆ ಶುರು ಮಾಡ್ಬೇಡಿ. ಉದಾಹರಣೆಗೆ ಆ ಪ್ಲಾಂಟ್ ಆಪರೇಟರನ್ನೇ ತಗೊಳ್ಳಿ. ಶಿರಸಿ, ಯಲ್ಲಾಪುರ ಘಟ್ಟದ ಮೇಲೆ ಮರ ಹತ್ತಿ ಅಡಿಕೆ ಕೊನೆ ಕೊಯ್ಯೋ ಕೊನೆಗೌಡ್ರು ಸಿಗದೇ ಅಡಿಕೆ ತೋಟದವ್ರು ಒದ್ದಾಡ್ತಿದಾರೆ, ಮಳೆಗಾಲದ ಮುಂಚೆ ಒಂದು ಸಲ, ಒಂದೂವರೆ ತಿಂಗಳಿಗೆ ಇನ್ನೊಂದು ಸಲ ಕೊಳೆ ರೋಗಕ್ಕೆ ಬೋರ್ಡೋ ಅನ್ನೋ ಔಷಧಿ ಹೊಡೀಲೇಬೇಕು. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಲ್ಲಿ ಕರಗಿಸಿ ತುತ್ತದ ನೀರನ್ನ ಸುಣ್ಣದ ನೀರಿಗೆ ಹೊಯ್ಯೋದು. ಕಬ್ಬಿಣದ ಕತ್ತಿ ಅದ್ದಿ ತೆಗೆದು ನೋಡ್ಬೇಕು, ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದ್ರೆ ಸುಣ್ಣ ಸಾಲ್ಲಿಲ್ಲ, ಇನ್ನಷ್ಟು ಹಾಕ್ಬೇಕು. ಪಿಎಚ್ (ಆಮ್ಲ, ಕ್ಷಾರದ ಅಳತೆ) ನೋಡ್ತಾ ವರ್ಷಗಟ್ಲೆ ಶಿಫ್ಟ್ ಮಾಡಿದವನಿಗೆ ಇದು ಅರ್ಧ ಗಂಟೆ ಪಾಠ! ಈಗ ಕಾರ್ಬನ್ ಫೈಬರ್ ದೋಟಿ (ಉದ್ದ ಕೋಲು) ಬಂದಿದೆ, ಮರ ಹತ್ತದೇ ನೆಲದಲ್ಲೇ ನಿಂತು ಔಷಧಿ ಹೊಡೆಯೋದು, ಕೊನೆ ಕೊಯ್ಯೋದು. ಅದು ಅಭ್ಯಾಸ ಆಗೋಕೆ ಮಾತ್ರ ಕುತ್ತಿಗೆ, ಭುಜ ಎರಡೂ ನೋಯತ್ತೆ, ಮೊದ್ಲೇ ಹೇಳಿಬಿಡಿ, ಮತ್ತೆ ದೋಟಿ ಕರೆಂಟ್ ಲೈನಿಗೆ ತಾಗದ ಹಾಗೆ ನೋಡ್ಕೊಳ್ಳೋದು ಮೊದಲ ಪಾಠ ಆಗ್ಲಿ. ಫಿಟ್ಟರಿಗೆ ಸ್ಪ್ರೇ ಪಂಪು, ಕಳೆ ಕೊಚ್ಚೋ ಮಷಿನ್ನು, ದೋಣಿ ಇಂಜಿನ್ ರಿಪೇರಿ ಇದೆ, ಕಾರವಾರದ ಬೈತಖೋಲ ಬಂದರಲ್ಲಿ ಒಂದು ವಾರ ಯಾರ ಜೊತೆಗಾದ್ರೂ ನಿಲ್ಸಿ.

ತರಬೇತಿಗೆ ಹಳಿಯಾಳದಲ್ಲಿ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿ (ಹಳ್ಳಿಯವ್ರಿಗೆ ಸ್ವಂತ ಉದ್ಯೋಗದ ತರಬೇತಿ ಕೊಡೋ ಸಂಸ್ಥೆ) ಇದೆ, ಊಟ ವಸತಿ ಸಮೇತ ಫ್ರೀ, ಆದ್ರೆ ಅಲ್ಲಿ ವಯಸ್ಸಿನ ಮಿತಿ ಇರತ್ತೆ, ಅದೆಷ್ಟು ಅಂತ ಕೇಳ್ಕೊಂಡು ಆ ಮಿತಿಗೆ ಹತ್ರ ಇರೋರನ್ನ ಮೊದ್ಲು ಕಳ್ಸಿ. ಬಡಗಿ, ದೋಣಿ ಕಟ್ಟೋರು, ಬಲೆ ಹೆಣೆಯೋರು ಯಾರಾದ್ರೂ ಇದ್ರೆ 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೇಲಿ ತರಬೇತಿ ಹೊತ್ತಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿ ತನಕ ಸಿಗತ್ತೆ. ಸರ್ಟಿಫಿಕೇಟಿಗೋಸ್ಕರ ಮಾತ್ರ ಯಾವ ಕೋರ್ಸಿಗೂ ಕಳಿಸ್ಬೇಡಿ, ಮೊದ್ಲು ಕೆಲಸ ಕೊಡೋರು ಯಾರಿದಾರೆ ಅಂತ ನಾಲ್ಕು ಊರಲ್ಲಿ ಕೇಳಿ ಆಮೇಲೆ ಕೋರ್ಸು.

ಯಾರ್ಯಾರಿಗೆ ಏನೇನು ಕೆಲಸ ಬರತ್ತೆ ಅಂತ ಒಂದು ಪಟ್ಟಿ ಮಾಡಿ, ಅವ್ರ ಒಪ್ಪಿಗೆ ತಗೊಂಡು ನಮ್ಗೆ ಕಳ್ಸಿ. ಮೇ ಸಂಚಿಕೇಲಿ ಒಂದು ಪುಟ ಬಿಟ್ಟಿರ್ತೀವಿ, ಜಾಹೀರಾತಿನ ದುಡ್ಡು ಬೇಡ. ಮಳೆ ಹಿಡಿಯೋ ಮುಂಚೆ ತೋಟದವ್ರ ಕೈಗೆ ಪತ್ರಿಕೆ ಮುಟ್ಟಬೇಕು, ಅದಕ್ಕೆ ಏಪ್ರಿಲ್ ಹತ್ತರೊಳಗೆ ಬಂದ್ರೆ ಚೆನ್ನ.