ನಾಲ್ಕು ಸ್ಥಾನದ ವಾರ್ಡು ಮತ್ತು 287 ಮತ: ಸಿಂಧನೂರಿನ ಓದುಗರಿಗೆ ಉತ್ತರ

ಮಾನ್ಯರೇ,

ಸಿಂಧನೂರು ತಾಲ್ಲೂಕಿನಿಂದ ನೀವು ಬರೆದಿರುವ ಪತ್ರದಲ್ಲಿ ಎರಡು ದೂರುಗಳಿವೆ. 2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ನಾಲ್ಕು ಸ್ಥಾನಗಳ ನಿಮ್ಮ ವಾರ್ಡಿನಿಂದ ನಿಂತಿದ್ದ ನಿಮ್ಮ ಅಣ್ಣನ ಮಗ 412 ಮತ ಪಡೆದೂ ಸೋತರು, 287 ಮತ ಪಡೆದ ಪರಿಶಿಷ್ಟ ಜಾತಿಯ ಮಹಿಳೆ ಗೆದ್ದರು, ಇದು ಯಾವ ನ್ಯಾಯ ಎಂಬುದು ಒಂದು. ಅಣ್ಣನ ಮಗನೊಬ್ಬನಿಗೇ ಮುದ್ರೆ ಒತ್ತಿ ಬಂದ ನಿಮಗೆ, ನಾಲ್ಕೂ ಒತ್ತದ ಚೀಟಿ ‘ಕುಲಗೆಟ್ಟ ಮತ’ವಾಗುತ್ತದೆ ಎಂದು ಏಜೆಂಟರೊಬ್ಬರು ಹೇಳಿ ಮನಸ್ಸು ಕೆಡಿಸಿದರು ಎಂಬುದು ಇನ್ನೊಂದು.

ಎರಡನೆಯದನ್ನು ಮೊದಲು ಮುಗಿಸುತ್ತೇನೆ. ಬಹುಸದಸ್ಯ ವಾರ್ಡಿನಲ್ಲಿ ಎಷ್ಟು ಸ್ಥಾನಗಳಿವೆಯೋ ಅಷ್ಟು ಮತಗಳು ಪ್ರತಿಯೊಬ್ಬ ಮತದಾರರಿಗೂ ಇರುತ್ತವೆ, ಆದರೆ ಒಬ್ಬ ಅಭ್ಯರ್ಥಿಗೆ ಒಂದಕ್ಕಿಂತ ಹೆಚ್ಚು ಕೊಡುವಂತಿಲ್ಲ. ನಾಲ್ಕನ್ನೂ ಚಲಾಯಿಸಲೇಬೇಕೆಂಬ ಕಟ್ಟಳೆಯಿಲ್ಲ. ನಾಲ್ಕನ್ನು ಮೀರಿದರೆ ಚೀಟಿ ತಿರಸ್ಕೃತವಾಗುತ್ತದೆ, ಕಡಿಮೆ ಒತ್ತಿದ್ದಕ್ಕಲ್ಲ. ಆದ್ದರಿಂದ ನಿಮ್ಮ ಮತ ಲೆಕ್ಕಕ್ಕೆ ಸೇರಿದೆ. (‘ಕುಲಗೆಟ್ಟ’ ಎಂಬ ಪದ ಪತ್ರಿಕೆಗಳಲ್ಲಿ ಬಹುಕಾಲದಿಂದ ಓಡಾಡುತ್ತಿದೆ, ನಿಜ. ಊರಿನ ಚುನಾವಣೆಯಲ್ಲಿ ಕುಲದ ಮಾತು ಬೇಕಾದಷ್ಟು ಇದ್ದೇ ಇರುವಾಗ ತಪ್ಪು ಬಿದ್ದ ಮುದ್ರೆಗೂ ಅದನ್ನೇಕೆ ಅಂಟಿಸಬೇಕೆಂದು ನಾವು ಅದನ್ನು ಬಳಸುವುದನ್ನು ಬಿಟ್ಟಿದ್ದೇವೆ.)

ಇನ್ನು ನಿಮ್ಮ ಮುಖ್ಯ ದೂರು. 1993ರ ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ 400 ಜನಸಂಖ್ಯೆಗೆ ಅಥವಾ ಅದರ ಭಾಗಕ್ಕೆ ಒಬ್ಬ ಸದಸ್ಯರು. ಸುಮಾರು 1,600 ಜನರಿರುವ ನಿಮ್ಮ ಊರಿಗೆ ನಾಲ್ವರು ಬಂದದ್ದು ಹೀಗೆ. ಊರನ್ನು ಓಣಿಗಳಾಗಿ ಹರಿದು ಹಂಚದೆ ಒಂದೇ ವಾರ್ಡಾಗಿ ಉಳಿಸಿದ್ದಾರೆ. ನಾಲ್ಕರಲ್ಲಿ ಒಂದು ಪರಿಶಿಷ್ಟ ಜಾತಿ ಮಹಿಳೆಗೆ, ಒಂದು ಪರಿಶಿಷ್ಟ ಪಂಗಡಕ್ಕೆ, ಒಂದು ಸಾಮಾನ್ಯ ಮಹಿಳೆಗೆ, ಉಳಿದ ಒಂದು ಸಾಮಾನ್ಯಕ್ಕೆ ಎಂದು ನೀವೇ ಬರೆದಿದ್ದೀರಿ. ನಿಮ್ಮ ಅಣ್ಣನ ಮಗ ನಿಂತದ್ದು ಕೊನೆಯದಕ್ಕೆ, ಸೋತದ್ದು 430 ಮತ ಪಡೆದವರ ಎದುರು. 287 ಮತದ ಮಹಿಳೆಯೊಂದಿಗೆ ಅವರಿಗೆ ಸ್ಪರ್ಧೆಯೇ ಇರಲಿಲ್ಲ. ಆಕೆ ಇನ್ನೂ ನೂರು ಮತ ಕಡಿಮೆ ಪಡೆದಿದ್ದರೂ ಆ ಸ್ಥಾನ ನಿಮ್ಮ ಮನೆಗೆ ಬರುತ್ತಿರಲಿಲ್ಲ.

ಈ ಬಗೆಯ ಕ್ಷೇತ್ರದ ವಿಚಿತ್ರಗಳಿಗೆ ದೊಡ್ಡವರೂ ಸಿಕ್ಕಿದ್ದಾರೆ. 1957ರ ಲೋಕಸಭಾ ಚುನಾವಣೆಯಲ್ಲಿ ಆಂಧ್ರದ ಪಾರ್ವತೀಪುರಂ ಕ್ಷೇತ್ರಕ್ಕೆ ಎರಡು ಸ್ಥಾನಗಳಿದ್ದವು, ಒಂದು ಸಾಮಾನ್ಯ, ಇನ್ನೊಂದು ಪರಿಶಿಷ್ಟ ಪಂಗಡಕ್ಕೆ ಮೀಸಲು. ಎಣಿಕೆ ಮುಗಿದಾಗ ಎರಡೂ ಪರಿಶಿಷ್ಟ ಪಂಗಡದವರ ಪಾಲಾದವು, ಮುಂದೆ ರಾಷ್ಟ್ರಪತಿಯಾದ ವಿ.ವಿ. ಗಿರಿಯವರು ಸೋತರು. ಮೀಸಲು ವರ್ಗದವರು ಹೆಚ್ಚು ಮತ ಪಡೆದರೆ ಸಾಮಾನ್ಯ ಸ್ಥಾನಕ್ಕೂ ಅರ್ಹರೆಂದು 1959ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. 1961ರಲ್ಲಿ ಸಂಸತ್ತು ದ್ವಿಸದಸ್ಯ ಕ್ಷೇತ್ರಗಳನ್ನೇ ತೆಗೆದುಹಾಕಿತು. ಶಾಸಕರಿಗೂ ಸಂಸದರಿಗೂ ಬೇಡವಾದ ಈ ಏರ್ಪಾಡು ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ಮಾತ್ರ ಉಳಿದಿದೆ; ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಗೂ ಒಂದು ಕ್ಷೇತ್ರಕ್ಕೆ ಒಬ್ಬರೇ.

ನೀವು ಲಗತ್ತಿಸಿರುವ ಫಲಿತಾಂಶದ ಪಟ್ಟಿಯನ್ನು ನಾನು ಎರಡು ಸಲ ಓದಿದೆ. ಗೆದ್ದ ನಾಲ್ವರೂ ಒಂದೇ ಪ್ಯಾನೆಲ್‌ನವರು: 430, 421, 398, 287. ನಿಮ್ಮ ಪ್ಯಾನೆಲ್‌ನ ನಾಲ್ವರೂ ಸೋತಿದ್ದಾರೆ. ಪಕ್ಷದ ಚಿಹ್ನೆಯಿಲ್ಲದ ಚುನಾವಣೆಯಲ್ಲಿ ಪ್ಯಾನೆಲ್ಲೇ ಪಕ್ಷ. ಎಲ್ಲರಿಗೂ ನಾಲ್ಕು ನಾಲ್ಕು ಮತಗಳಿರುವುದರಿಂದ, ಕೂದಲೆಳೆಯಷ್ಟು ದೊಡ್ಡದಾದ ಗುಂಪು ನಾಲ್ಕೂ ಸ್ಥಾನಗಳನ್ನು ಬಾಚಿಕೊಳ್ಳಬಹುದು. ಊರಿನ ಹೆಚ್ಚುಕಡಿಮೆ ಅರ್ಧದಷ್ಟು ಜನರ ಪರವಾಗಿ ಪಂಚಾಯಿತಿಯಲ್ಲಿ ಒಬ್ಬರೂ ಕೂರದೆ ಹೋಗಬಹುದು. ನೀವು ದೂರಬೇಕಾದದ್ದು ಈ 18 ಮತಗಳ ಅಂತರವನ್ನು.

ಇನ್ನು ಆ 287. ಒಂದೇ ಪ್ಯಾನೆಲ್‌ನ 430ಕ್ಕೂ 287ಕ್ಕೂ ನಡುವೆ 143 ಮತಗಳು ಎಲ್ಲಿ ಹೋದವು? ಡಿಸೆಂಬರ್ 30ರಂದು ಒಂದು ತಾಲ್ಲೂಕು ಕೇಂದ್ರದ ಎಣಿಕೆ ಕೊಠಡಿಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಬೀದರ್ ಜಿಲ್ಲೆಯಲ್ಲಿ ಮಾತ್ರ ಆ ಸಲ ಯಂತ್ರವಿತ್ತು, ನಮ್ಮ ಕಡೆ ಎಲ್ಲವೂ ಕಾಗದದ ಚೀಟಿ. ಸಿಬ್ಬಂದಿ ಒಂದೊಂದೇ ಚೀಟಿ ಬಿಡಿಸಿ ಏಜೆಂಟರ ಕಡೆ ತಿರುಗಿಸಿ ಹಿಡಿಯುತ್ತಿದ್ದರು. ಒಂದೇ ಪ್ಯಾನೆಲ್‌ನ ಮೂರು ಹೆಸರುಗಳ ಮುಂದೆ ಮುದ್ರೆ ಅಚ್ಚುಕಟ್ಟಾಗಿ ಬಿದ್ದಿರುತ್ತಿತ್ತು, ನಾಲ್ಕನೆಯ ಹೆಸರಿನ ಮುಂದೆ ಖಾಲಿ. ಅಂಥ ಚೀಟಿಗಳು ಒಂದರ ಹಿಂದೆ ಒಂದು ಬಂದವು. ಖಾಲಿ ಬಿಟ್ಟದ್ದು ಯಾರ ಹೆಸರೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಗುಳೆ ಹೋದವರನ್ನು ಬೆಂಗಳೂರಿನಿಂದ ಬಸ್ ಚಾರ್ಜು ಕೊಟ್ಟು ಕರೆಸುವಾಗ, ಹತ್ತಿ ಬಿಡಿಸುವ ಹೊಲಗಳಿಗೆ ಟಂಟಂ ಕಳಿಸುವಾಗ ‘ನಾಲ್ಕೂ ನಮ್ಮವರಿಗೇ’ ಎಂದು ಆಣೆ ಮಾಡಿಸುವ ಮುಖಂಡರು, ಪರದೆಯ ಹಿಂದೆ ತಮ್ಮ ಓಣಿಯವರು ಮೂರೇ ಒತ್ತಿದರೆ ಕೇಳಲು ಹೋಗುವುದಿಲ್ಲ. ನಿಮ್ಮ ವಾರ್ಡಿನಲ್ಲೂ ಹೀಗೇ ಆಗಿರಬೇಕೆಂದು ನನ್ನ ಅಂದಾಜು. ಹಾಗಿದ್ದರೆ ನಿಮ್ಮ ಪಟ್ಟಿಯಲ್ಲಿ ಅನ್ಯಾಯವಾದದ್ದು ಆಕೆಗೆ.

ಹಾಗಾದರೆ ಕೇರಳದ ಪಂಚಾಯಿತಿಗಳಂತೆ ವಾರ್ಡಿಗೊಬ್ಬರೇ ಸಾಕಲ್ಲವೇ ಎಂದು ಕೇಳಿದ್ದೀರಿ. ಚರಂಡಿ ಕಟ್ಟಿಕೊಂಡಾಗ ನಾಲ್ವರು ಸದಸ್ಯರು ಒಬ್ಬರನ್ನೊಬ್ಬರು ತೋರಿಸುವುದು ತಪ್ಪುತ್ತದೆ, ಒಪ್ಪುತ್ತೇನೆ. ಆದರೆ ಓಣಿಗೊಂದು ವಾರ್ಡೆಂದರೆ ಗೆರೆ ಎಳೆಯುವವರ ಕೈ ಮೇಲಾಗುತ್ತದೆ. ಜೊತೆಗೆ ಇವತ್ತು ತನ್ನ ಓಣಿಯ ಸದಸ್ಯನ ಮುಖ ನೋಡಲು ಇಷ್ಟವಿಲ್ಲದವನು ಪಕ್ಕದ ಓಣಿಯ ಸದಸ್ಯರ ಬಳಿ ಹೋಗಬಹುದಾದ ಅನುಕೂಲವೂ ಹೋಗುತ್ತದೆ. ಒಂದು ವಾರ್ಡಿಗೆ ಎರಡಕ್ಕಿಂತ ಹೆಚ್ಚು ಸ್ಥಾನಗಳು ಬೇಡ ಎಂಬಲ್ಲಿಗೆ ನಾನು ನಿಲ್ಲುತ್ತೇನೆ.

ತಕರಾರು ಅರ್ಜಿ ಹಾಕಬಹುದೇ ಎಂದೂ ಕೇಳಿದ್ದೀರಿ. ಫಲಿತಾಂಶ ಪ್ರಕಟವಾದ 30 ದಿನಗಳೊಳಗೆ ಹಾಕಬೇಕಿತ್ತು. ಹಾಕಿದ್ದರೂ ಮೇಲೆ ಹೇಳಿದ ಕಾರಣಕ್ಕೆ ನಿಲ್ಲುತ್ತಿರಲಿಲ್ಲ.

ಕೊನೆಯದಾಗಿ, ನಿಮ್ಮ ಪತ್ರದಲ್ಲಿ ಗೆದ್ದ ಉಳಿದ ಮೂವರ ಹೆಸರುಗಳಿವೆ, ಆಕೆಯನ್ನು ಮಾತ್ರ ‘ಆ 287ರವಳು’ ಎಂದು ಬರೆದಿದ್ದೀರಿ. ಪತ್ರವನ್ನು ಪ್ರಕಟಿಸಬೇಕೆಂದಿದ್ದರೆ ಆ ಜಾಗದಲ್ಲಿ ಹೆಸರು ಬರೆದು ಮತ್ತೊಮ್ಮೆ ಕಳುಹಿಸಿ.

ಸಂಪಾದಕ