ಗಡೀಪಾರು ಅಲ್ಲ, ಹಸ್ತಾಂತರ

ರಾಜಾಜಿನಗರದ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಬೀದಿಯಲ್ಲಿ ಬಾಡಿಗೆಗಿದ್ದ ವಿದೇಶಿಯೊಬ್ಬ ಕಾರು ಗುದ್ದಿಸಿ ನನ್ನ ಭಾವನ ಕಾಲು ಮುರಿದ. ಕೇಸಾಯಿತು, ಜಾಮೀನೂ ಸಿಕ್ಕಿತು. ವಾರದಲ್ಲೇ ದೇವನಹಳ್ಳಿಯಿಂದ ವಿಮಾನ ಹತ್ತಿಬಿಟ್ಟ. ಅವನನ್ನು ಗಡೀಪಾರು ಮಾಡಿಸಿ ವಾಪಸ್ ತರೋಕೆ ಆಗಲ್ವಾ?"

ಮೊದಲು ಪದದ ವಿಷಯ. ಗಡೀಪಾರು ಅಂದರೆ ಇಲ್ಲಿಂದ ಆಚೆ ಹಾಕುವುದು. ಚುನಾವಣೆ ಬಂದಾಗ ಪೊಲೀಸರು ರೌಡಿಗಳನ್ನು ಜಿಲ್ಲೆ ದಾಟಿಸುತ್ತಾರಲ್ಲ, ಅದು. ಓಡಿಹೋದವನನ್ನು ಇನ್ನೊಂದು ದೇಶ ಹಿಡಿದು ನಮಗೆ ಒಪ್ಪಿಸಿದರೆ ಅದು ಹಸ್ತಾಂತರ. (ನಮ್ಮ ಪತ್ರಿಕೆಯಲ್ಲೂ ಇವೆರಡು ಎಷ್ಟೋ ಸಲ ಅದಲುಬದಲಾಗಿವೆ.)

ಕಾಗದದ ಮೇಲೆ ಹಸ್ತಾಂತರಕ್ಕೆ ದಾರಿ ಇದೆ. 1962ರ ಕಾಯ್ದೆ ಇದೆ, ಬ್ರಿಟನ್, ಅಮೆರಿಕ ಮುಂತಾದ ದೇಶಗಳ ಜತೆ ಒಪ್ಪಂದವೂ ಇದೆ. ಮಾಡಿದ್ದು ಎರಡೂ ಕಡೆ ಅಪರಾಧ ಆಗಿರಬೇಕು, ಸಾಮಾನ್ಯವಾಗಿ ಒಂದು ವರ್ಷವಾದರೂ ಜೈಲಾಗುವಂಥದ್ದಿರಬೇಕು. ಅಡ್ಡಾದಿಡ್ಡಿ ಓಡಿಸಿ ಮೂಳೆ ಮುರಿದರೆ ನಮ್ಮಲ್ಲಿ 3 ವರ್ಷದವರೆಗೆ ಶಿಕ್ಷೆ. ಆದರೆ ಠಾಣೆಯ ಫೈಲು ದಿಲ್ಲಿಯ ವಿದೇಶಾಂಗ ಸಚಿವಾಲಯ ಮುಟ್ಟಿ, ಅಲ್ಲಿಂದ ಆ ದೇಶಕ್ಕೆ ಹೋಗಬೇಕು. ಕಾಲು ಮುರಿದ ಕೇಸಿಗೆ ಅಷ್ಟು ದೂರ ಓಡಾಡುವವರು ಯಾರು ಹೇಳಿ?

ದೊಡ್ಡ ಕೇಸುಗಳ ಪಾಡೇ ನೋಡಿ. ಭೋಪಾಲ್ ಅನಿಲ ದುರಂತದ ನಂತರ, 1984ರ ಡಿಸೆಂಬರ್ 7ರಂದು ಯೂನಿಯನ್ ಕಾರ್ಬೈಡ್ ಕಂಪನಿಯ ಮುಖ್ಯಸ್ಥ ವಾರೆನ್ ಆಂಡರ್ಸನ್ ಬಂಧನವಾಯಿತು. ಅವತ್ತೇ ಜಾಮೀನು, ಸರ್ಕಾರಿ ವಿಮಾನದಲ್ಲೇ ದಿಲ್ಲಿಗೆ. ಆಮೇಲೆ ದೇಶ ಬಿಟ್ಟ. ಹಸ್ತಾಂತರದ ಮನವಿಯನ್ನು 2004ರಲ್ಲಿ ಅಮೆರಿಕ ತಳ್ಳಿಹಾಕಿತು. 2014ರಲ್ಲಿ ಆತ ಸತ್ತ, ಒಂದು ದಿನವೂ ಇಲ್ಲಿಯ ಕಟಕಟೆ ಹತ್ತಲಿಲ್ಲ.

ನನ್ನನ್ನು ಜಾಸ್ತಿ ಕಾಡುವುದು ಪುರುಲಿಯಾ. 1995ರ ಡಿಸೆಂಬರ್‌ನಲ್ಲಿ ಬಂಗಾಳದ ಆ ಜಿಲ್ಲೆಯ ಮೇಲೆ ವಿಮಾನದಿಂದ ಬಂದೂಕು, ಗುಂಡು ಸುರಿದರು. ವಿಮಾನವನ್ನು ಮುಂಬೈಯಲ್ಲಿ ಇಳಿಸಿದಾಗ ಕಿಮ್ ಡೇವಿ ಎಂಬ ಡೆನ್ಮಾರ್ಕಿನವ ತಪ್ಪಿಸಿಕೊಂಡ. 2010ರಲ್ಲಿ ಡೆನ್ಮಾರ್ಕ್ ಸರ್ಕಾರ ಒಪ್ಪಿಸಲು ತಯಾರಿತ್ತು. ಅಲ್ಲಿನ ನ್ಯಾಯಾಲಯಗಳು ಬಿಡಲಿಲ್ಲ. ಭಾರತಕ್ಕೆ ಕಳಿಸಿದರೆ ಹಿಂಸೆ ಕೊಡಬಹುದು ಅಂದವು. 2024ರಲ್ಲೂ ಅದೇ ಮಾತು. ನಮಗೆ ಸಿಟ್ಟು ಬರುತ್ತದೆ, ಸರಿ. ಆದರೆ ನಮ್ಮ ಲಾಕಪ್ಪುಗಳ ಬಗ್ಗೆ ನಾವೇ ವಾರಕ್ಕೊಂದು ಸುದ್ದಿ ಓದುತ್ತೇವೆ, ಅಲ್ವಾ? ನಮ್ಮೂರಿನ ವಿಜಯ್ ಮಲ್ಯ ಕೇಸಿನಲ್ಲೂ ಲಂಡನ್ ನ್ಯಾಯಾಧೀಶೆ ಮುಂಬೈ ಜೈಲಿನ ಕೋಣೆಯ ವಿಡಿಯೋ ಕೇಳಿದ್ದರು, ಹಗಲು ಬೆಳಕು ಹೇಗೆ ಬೀಳುತ್ತದೆ ನೋಡಬೇಕೆಂದು! ಅದನ್ನು ನೋಡಿದ ಮೇಲೆ, 2018ರ ಡಿಸೆಂಬರ್‌ನಲ್ಲಿ, ಕಳಿಸಬಹುದು ಅಂದರು.

ಆರೋಪಿ ಇಲ್ಲದೆಯೇ ವಿಚಾರಣೆ ನಡೆಸಲು ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅವಕಾಶವಿದೆ. ಆದರೆ ಅದು 10 ವರ್ಷ ಅಥವಾ ಇನ್ನೂ ಹೆಚ್ಚು ಶಿಕ್ಷೆಯ ಅಪರಾಧಗಳಿಗೆ. ನಿಮ್ಮ ಕೇಸಿಗೆ ಒದಗುವುದಿಲ್ಲ.

ಹಾಗಾದರೆ ಭಾವನವರಿಗೆ ಏನೂ ಸಿಗುವುದಿಲ್ಲವೇ? ಸಿಗಬಹುದು. ಅವನು ಹೋದ, ಕಾರಿನ ವಿಮೆ ಎಲ್ಲಿಗೂ ಹೋಗಿಲ್ಲ. ಮೋಟಾರು ಅಪಘಾತ ಪರಿಹಾರದ ಅರ್ಜಿಗೆ ಚಾಲಕ ಇಲ್ಲೇ ಇರಬೇಕೆಂದಿಲ್ಲ. ವಕೀಲರು ಎಂವಿಸಿ ಕೇಸು ಅನ್ನುತ್ತಾರಲ್ಲ, ಅದೇ. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯದಲ್ಲಿ ನಡೆಯುತ್ತದೆ. ಅಪಘಾತವಾದ 6 ತಿಂಗಳೊಳಗೆ ಹಾಕುವುದು ಕ್ಷೇಮ. ನಿಮ್ಮ ಪತ್ರದಲ್ಲಿ ಅದರ ಮಾತೇ ಇಲ್ಲ. ಹಾಕಿದ್ದೀರಿ ತಾನೇ?