ಚೆಫಲೂ ನೋಡಲು ಒಂದು ಹಗಲು ಸಾಕೇ?

ಪ್ರಶ್ನೆ: ಇಟಲಿಯಲ್ಲಿರುವ ಮಗನ ಮನೆಗೆ ಹೊರಟಿರುವ ನಾನು ಮತ್ತು ನಮ್ಮ ಯಜಮಾನರು ಮೇ ತಿಂಗಳಲ್ಲಿ ಸಿಸಿಲಿ ದ್ವೀಪದ ಪಲೆರ್ಮೊದಲ್ಲಿ ಕೆಲವು ದಿನ ಉಳಿಯಲಿದ್ದೇವೆ. ಅಲ್ಲಿಂದ ಚೆಫಲೂ ಎಂಬ ಕಡಲತಡಿಯ ಹಳೆಯ ಊರಿಗೆ ಬೆಳಿಗ್ಗೆ ಹೋಗಿ ಸಂಜೆಗೆ ಮರಳಬಹುದೆಂದು ಮಗ ಹೇಳುತ್ತಾನೆ. ನನಗೆ ಮಂಡಿನೋವಿದೆ, ಇಬ್ಬರೂ ಸಸ್ಯಾಹಾರಿಗಳು. ಅಲ್ಲಿ ಏನನ್ನು ನೋಡಬೇಕು, ಏನನ್ನು ಬಿಡಬೇಕು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅವಶ್ಯವಾಗಿ ಹೋಗಿಬನ್ನಿ. ಪಲೆರ್ಮೊದಿಂದ ಪೂರ್ವಕ್ಕೆ ಸುಮಾರು 70 ಕಿಲೋಮೀಟರ್ ದೂರದಲ್ಲಿರುವ ಈ ಊರಿಗೆ ರೈಲಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆಯ ಪ್ರಯಾಣ. ಕಾಗದದ ಟಿಕೆಟ್ ಕೊಂಡಿದ್ದರೆ ರೈಲು ಹತ್ತುವ ಮೊದಲು ನಿಲ್ದಾಣದಲ್ಲಿರುವ ಯಂತ್ರದಲ್ಲಿ ಅದಕ್ಕೆ ಮುದ್ರೆ ಹಾಕಿಸಿಕೊಳ್ಳಿ; ಮರೆತರೆ ದಂಡ ಬೀಳುತ್ತದೆ.

ಆ ಹಗಲಿನ ಬಹುಪಾಲನ್ನು ಊರಿನ ಪ್ರಧಾನ ಚರ್ಚ್ ಆದ ಕೆಥೆಡ್ರಲ್‌ಗೇ ಮೀಸಲಿಡಿ ಎಂಬುದು ನನ್ನ ಖಚಿತವಾದ ಸಲಹೆ. ಉತ್ತರ ಫ್ರಾನ್ಸಿನ ಮೂಲದವರಾದ ನಾರ್ಮನ್ನರ ವಂಶದ, ಸಿಸಿಲಿಯನ್ನು ಆಳುತ್ತಿದ್ದ ದೊರೆ ಎರಡನೆಯ ರೋಜರ್ 1131ರಲ್ಲಿ ಇದನ್ನು ಕಟ್ಟಿಸಲು ಆರಂಭಿಸಿದ. ಕಡಲಿನಲ್ಲಿ ಬಿರುಗಾಳಿಗೆ ಸಿಕ್ಕಾಗ ಹೊತ್ತ ಹರಕೆಯನ್ನು ಅವನು ಹೀಗೆ ತೀರಿಸಿದನೆಂಬ ಐತಿಹ್ಯವೂ ಇದೆ. ಒಳಗೆ ಹೋದವರು ಬಲಿಪೀಠದ ಹಿಂದಿರುವ ಅರ್ಧಗುಮ್ಮಟವನ್ನು ತಲೆಯೆತ್ತಿ ನೋಡಬೇಕು. ಬೈಜಾಂಟಿಯಂ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ ಪರಂಪರೆಯ ಕುಶಲಕರ್ಮಿಗಳು ಬಣ್ಣದ ಚಿಕ್ಕ ಚೂರುಗಳನ್ನು ಜೋಡಿಸಿ 1148ರಲ್ಲಿ ಮುಗಿಸಿದ ಮೊಸಾಯಿಕ್ ಕ್ರಿಸ್ತ ಅಲ್ಲಿದ್ದಾನೆ: ಚಿನ್ನದ ಹಿನ್ನೆಲೆ, ನೀಲಿ ಮೇಲುಹೊದಿಕೆ, ಹಣೆಯ ಮೇಲೆ ಇಳಿದ ಎರಡು ಎಳೆ ಕೂದಲು, ಆಶೀರ್ವದಿಸುವ ಬಲಗೈ, ಎಡಗೈಯಲ್ಲಿ ತೆರೆದ ಗ್ರಂಥ. ಆ ಗ್ರಂಥದ ಒಂದು ಪುಟದಲ್ಲಿ ಗ್ರೀಕ್, ಇನ್ನೊಂದರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಒಂದೇ ವಾಕ್ಯವಿದೆ: ‘ನಾನೇ ಲೋಕಕ್ಕೆ ಬೆಳಕು.’ ಕಂಬಸಾಲಿನ ಮೊನಚು ಕಮಾನುಗಳಲ್ಲಿ ಅರಬ್ ಪ್ರಭಾವ ಕಾಣುತ್ತದೆ. ಮೂರು ನಾಗರಿಕತೆಗಳು ಹೀಗೆ ಒಂದೇ ಸೂರಿನಡಿ ಕೂಡಿರುವ ಕಾರಣಕ್ಕೇ ಯುನೆಸ್ಕೊ 2015ರಲ್ಲಿ ಇದನ್ನು ಪಲೆರ್ಮೊ ಮತ್ತು ಮೊನ್ರಿಯಾಲೆಯ ಕಟ್ಟಡಗಳೊಂದಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ರೋಜರ್ ತನ್ನ ಸಮಾಧಿ ಇಲ್ಲಿಯೇ ಆಗಬೇಕೆಂದು ಬಯಸಿ ಕೆಂಪುಶಿಲೆಯ ಶವಪೆಟ್ಟಿಗೆಗಳನ್ನೂ ತಂದಿರಿಸಿದ್ದ. ಆದರೆ ಅವನನ್ನು ಹೂಳಿದ್ದು ಪಲೆರ್ಮೊದಲ್ಲಿ, ಆ ಪೆಟ್ಟಿಗೆಗಳನ್ನೂ ಅವನ ಮೊಮ್ಮಗ ಎರಡನೆಯ ಫ್ರೆಡರಿಕ್ 1215ರಲ್ಲಿ ಅಲ್ಲಿಗೇ ಸಾಗಿಸಿದ. ಪಲೆರ್ಮೊದ ಕೆಥೆಡ್ರಲ್‌ನಲ್ಲಿ ಈ ಸಮಾಧಿಗಳನ್ನು ಮೊದಲೇ ನೋಡಿಕೊಂಡು ಚೆಫಲೂಗೆ ಹೋದರೆ, ದೊರೆಯ ಈಡೇರದ ಆಸೆ ಎಷ್ಟು ದೊಡ್ಡದಿತ್ತೆಂಬುದು ಮನಸ್ಸಿಗೆ ತಟ್ಟುತ್ತದೆ. ಭುಜ ಮತ್ತು ಮಂಡಿ ಮುಚ್ಚುವ ಉಡುಪಿರಲಿ. ಸೀರೆ ಉಡುವವರಿಗೆ ಆ ಚಿಂತೆಯೇ ಇಲ್ಲ.

ಅನಂತರ ಹಳೆಯ ಬೀದಿಗಳಲ್ಲಿ ನಿಧಾನವಾಗಿ ಸಾಗಿ, ವಿಟ್ಟೋರಿಯೊ ಎಮಾನ್ಯುಯೆಲೆ ಬೀದಿಯಲ್ಲಿರುವ ಮಧ್ಯಯುಗದ ಅಗಸರ ಕಟ್ಟೆಯನ್ನು ನೋಡಿ. ಸಿಂಹಮುಖದ ಕಬ್ಬಿಣದ ಬಾಯಿಗಳಿಂದ ಚೆಫಲೀನೊ ಹೊಳೆಯ ತಣ್ಣೀರು ಕಲ್ಲಿನ ತೊಟ್ಟಿಗಳಿಗೆ ಸುರಿಯುತ್ತಲೇ ಇರುತ್ತದೆ. ಊರಿನ ಹೆಂಗಸರು ತಲೆಮಾರುಗಳ ಕಾಲ ಬಟ್ಟೆ ಒಗೆದ ಜಾಗವಿದು. ದೊರೆಯ ಕಟ್ಟಡದಷ್ಟೇ ಗೌರವಕ್ಕೆ ಇದೂ ಅರ್ಹವೆಂದು ನಾನು ಭಾವಿಸುತ್ತೇನೆ. ಕೆಳಗಿಳಿಯಲು ಮೆಟ್ಟಿಲುಗಳಿವೆ, ಅಲ್ಲಿ ಯಜಮಾನರ ಕೈ ಹಿಡಿದುಕೊಳ್ಳಿ.

ಊರಿನ ಬೆನ್ನಿಗಿರುವ ಸುಮಾರು 270 ಮೀಟರ್ ಎತ್ತರದ ಲಾ ರೊಕ್ಕಾ ಬಂಡೆಯನ್ನು ಬಿಟ್ಟುಬಿಡಿ. ಮೇಲೆ ಡಯಾನಾ ದೇಗುಲವೆಂದು ಕರೆಯುವ ಪ್ರಾಚೀನ ಕಲ್ಲಿನ ಕಟ್ಟಡವಿರುವುದು ನಿಜ, ಆದರೆ ಆ ಏರು ನಿಮ್ಮ ಮಂಡಿಗೆ ಹಿತವಲ್ಲ. ಅದರ ಬದಲು ಮಂದ್ರಲಿಸ್ಕಾ ಸಂಗ್ರಹಾಲಯಕ್ಕೆ ಹೋದರೆ, 15ನೆಯ ಶತಮಾನದಲ್ಲಿ ಅಂತೊನೆಲ್ಲೊ ದ ಮೆಸ್ಸೀನಾ ಬಿಡಿಸಿದ, ತುಟಿಯಂಚಿನಲ್ಲಿ ನಗುವ ಅಜ್ಞಾತ ಪುರುಷನ ಭಾವಚಿತ್ರವನ್ನು ಇಬ್ಬರೂ ಒಟ್ಟಿಗೆ ನೋಡಬಹುದು.

ಊಟಕ್ಕೆ ಬದನೆಕಾಯಿ, ಟೊಮೆಟೊ ಮತ್ತು ಉಪ್ಪುಹಾಕಿದ ರಿಕೊಟ್ಟಾ ಚೀಸ್‌ನ ‘ಪಾಸ್ತಾ ಅಲ್ಲಾ ನೋರ್ಮಾ’ ಕೇಳಿ. ಕಡಲೆಹಿಟ್ಟಿನಿಂದ ಮಾಡಿ ಎಣ್ಣೆಯಲ್ಲಿ ಕರಿದ ‘ಪನೆಲ್ಲೆ’ ಪಲೆರ್ಮೊದ ಬೀದಿಗಳಲ್ಲಿ ಸಿಗುತ್ತದೆ; ಬೆಳಿಗ್ಗೆಯೇ ಕಟ್ಟಿಸಿಕೊಂಡು ಹೋಗಬಹುದು. ಎಚ್ಚರ ವಹಿಸಬೇಕಾದದ್ದು ಕೆಲವು ಸಾಸ್‌ಗಳಲ್ಲಿ ಕಣ್ಣಿಗೆ ಕಾಣದಂತೆ ಅರೆದು ಸೇರಿಸುವ ಚಿಕ್ಕ ಮೀನಿನ ವಿಷಯದಲ್ಲಿ. ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಅದು ತಟ್ಟೆಗೆ ಬಂದೀತು. ಆದ್ದರಿಂದ ‘ಸೆಂಟ್ಸಾ ಕಾರ್ನೆ, ಸೆಂಟ್ಸಾ ಪೆಶೆ’, ಅಂದರೆ ಮಾಂಸವೂ ಬೇಡ, ಮೀನೂ ಬೇಡ ಎಂದು ಮೊದಲೇ ಸ್ಪಷ್ಟಪಡಿಸಿ.